ಉಸುಕು ಹಂಚಿದ ಹಗ್ಗ

ಮಾವನವರೇ, ಮಣ್ಣೂರಿನ ನಿಮ್ಮದೇ ಪಡಸಾಲೆಯಲ್ಲಿ ಕುಳಿತು ನಿಮ್ಮ ಸೊಸೆ ನೀಲಮ್ಮ ಮಾಡುವ ಶರಣು.

ಮೊದಲೇ ಹೇಳಿಬಿಡುತ್ತೇನೆ, ಸೆರಗು ತಲೆಯ ಮೇಲೇ ಇದೆ. ನೀವು ತೀರಿಕೊಂಡು ಆರು ವರ್ಷವಾದರೂ ನಿಮ್ಮ ಹೆಸರಿಗೆ ಎರಡು ಸಾಲು ಬರೆಯಲು ಕುಳಿತರೆ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಹದಿನೆಂಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದೆವು. ಅಷ್ಟರಲ್ಲಿ ನಾನು ನಿಮ್ಮ ಎದುರು ನಿಂತು ಎಷ್ಟು ಮಾತಾಡಿದ್ದೇನೆ ಹೇಳಿ? ಸೊಸೆಯಾದವಳು ಮಾವನ ಮುಂದೆ ಬಾಯಿ ಬಿಡಬಾರದು ಅಂತ ನನ್ನ ತವರಿನಲ್ಲಿ ಕಲಿಸಿ ಕಳಿಸಿದ್ದರು, ನಿಮಗೂ ಯಾರೋ ಅದನ್ನೇ ಕಲಿಸಿದ್ದರು. ಇವತ್ತು ಅಷ್ಟೂ ವರ್ಷದ ಮಾತು ಒಟ್ಟಿಗೆ ಆಡುತ್ತೇನೆ. ಎದ್ದು ಹೊರಗೆ ಹೋಗುವ ಹಾಗಿಲ್ಲ, ಕೇಳಬೇಕು.

ನಾನು ಬಂದ ಮೊದಲ ಬೇಸಿಗೆ ನೆನಪಿದೆಯೇ? ತಲೆಯ ಮೇಲೆ ಬುತ್ತಿ ಹೊತ್ತು ಹೊಳೆಗೆ ಹೊರಟಿದ್ದೆ. ನೀವು ಕಟ್ಟೆಯ ಮೇಲೆ ಕೂತು ಪುಂಡಿನಾರು ಹೊಸೆಯುತ್ತಿದ್ದಿರಿ. ನನ್ನ ಕಡೆ ನೋಡದೆ, ಗೂಟಕ್ಕೆ ಕಟ್ಟಿದ್ದ ಎಮ್ಮೆಗೆ ಹೇಳಿದಿರಿ: “ಉಸುಕು ಕಾದು ಕೆಂಡ ಆಗ್ಯಾದ. ಬರಿಗಾಲೀಲೆ ಹೋಗಬ್ಯಾಡ. ಬಾಗಲ ಹಿಂದ ಕೆರವು ಅವ.” ಎಮ್ಮೆ ಕೆರವು ಮೆಟ್ಟಲಿಲ್ಲ. ನಾನು ಮೆಟ್ಟಿಕೊಂಡು ಹೋದೆ. ಆಮೇಲೆ ನನಗೆ ಜ್ವರ ಬಂದಾಗ ದವಾಖಾನೆಗೆ ಹೋಗು ಅಂತ ಎಮ್ಮೆಗೇ ಹೇಳಿದಿರಿ, ಏಳನೇ ಇಯತ್ತೆ ಕಲಿತವಳು ಬಾಲವಾಡಿಯ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತಲೂ ಎಮ್ಮೆಗೇ ಹೇಳಿದಿರಿ. ಓಣಿಯ ಹೆಂಗಸರು ನಕ್ಕರು. ಅಷ್ಟು ಬುದ್ಧಿಮಾತು ಕೇಳಿಸಿಕೊಂಡ ಎಮ್ಮೆ ಈ ತಾಲೂಕಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಹಗ್ಗದ ಸುದ್ದಿ. ಭೀಮೆಯ ನೀರು ಇಳಿದು ಉಸುಕು ಬಿಳಿಯಾಗಿ ಮೇಲೆದ್ದ ಮೇಲೆ, ಪ್ರತಿ ವರ್ಷ ಎಳ್ಳಮಾಸಿ ಹಬ್ಬ ಮುಗಿದ ಮರುವಾರ, ನಮ್ಮ ಓಣಿಯ ಐದು ಮನೆಯವರು ದಂಡೆಗೆ ಇಳಿಯುತ್ತಿದ್ದೆವು. ಹೋದ ವರ್ಷದ ಗಡಿ ಹೋದ ವರ್ಷದ ಮಳೆಗೇ ಕೊಚ್ಚಿಹೋಗಿರುತ್ತಿತ್ತು, ಮತ್ತೆ ಹೊಸದಾಗಿ ಹಂಚಬೇಕು. ಹಂಚಿದ ಪಟ್ಟಿಯಲ್ಲಿ ಗುಣಿ ತೋಡಿ, ತಳಕ್ಕೆ ಗೊಬ್ಬರ ಹಾಕಿ ಕಲ್ಲಂಗಡಿ ಊರುವುದು. ನೀವು ಹೆಗಲ ಮೇಲಿಂದ ಹಗ್ಗ ಇಳಿಸುತ್ತಿದ್ದಿರಿ. ಆರು ಗಂಟು, ನಡುವೆ ಐದು ಅಂತರ, ಒಂದೊಂದು ಅಂತರ ಒಂದೊಂದು ಮನೆಗೆ. ನೀರಿನ ಅಂಚಿಗೆ ಹಗ್ಗ ಎಳೆದು, ಗಂಟು ಬಿದ್ದಲ್ಲಿ ಗೂಟ ನೆಟ್ಟರೆ ಕೆಲಸ ಮುಗಿಯಿತು. ಕೆಂಪು ಚಿಂದಿ ಕಟ್ಟಿದ ತುದಿ ಯಾವಾಗಲೂ ನಿಮ್ಮ ಕೈಯಲ್ಲಿ.

ಅಲ್ಲಿ ನಿಂತು ನೀವು ಹೇಳುತ್ತಿದ್ದ ಮಾತು ಓಣಿಗೆಲ್ಲ ಬಾಯಿಪಾಠ: “ಮೊದಲನೇದು ನಂದು. ಹಗ್ಗ ಹಿಡಿದಾಂವ ಮೊದಲು.” ಆಮೇಲೆ ಯಾರದೋ ಒಂದು ಮನೆಯ ಹೆಸರು ಹೇಳಿ, ಕಡೆಯದು ಅವರಿಗೆ ಅನ್ನುತ್ತಿದ್ದಿರಿ. ನಡುವಿನ ಮೂರಕ್ಕೆ ಚೀಟಿ ಎತ್ತುವುದು. ಯಾಕೆ ಹೀಗೆ ಅಂತ ಕೇಳಿದರೆ ಉತ್ತರವಿಲ್ಲ. ಊರಿನ ಸಾಲು ನಿಮಗೆ ಗೊತ್ತಲ್ಲ, ಊಟಕ್ಕೆ ಕೂತರೂ, ಬಾವಿಯಲ್ಲಿ ಕೊಡ ಇಟ್ಟರೂ ಮೊದಲು ದೊಡ್ಡವರು, ಕಡೆಗೆ ಯಾರಿಗೂ ಬೇಡವಾದವರು. ಅದಕ್ಕೇ ಪ್ರತಿ ವರ್ಷ ಒಂದು ಮನೆಯವರ ಮುಖ ಊದುತ್ತಿತ್ತು. ನಿಜ ಹೇಳಲೇ? ನನಗೂ ನಿಮ್ಮ ಬಗ್ಗೆ ಸ್ವಲ್ಪ ನಾಚಿಕೆ ಆಗುತ್ತಿತ್ತು. ಇಷ್ಟು ಒಳ್ಳೆಯ ಮನುಷ್ಯ, ಹಗ್ಗ ಕೈಗೆ ಬಂದ ಕೂಡಲೇ ಯಾಕೆ ಇಷ್ಟು ಜಂಬ ಮಾಡುತ್ತಾನೆ ಅಂತ…

ಕಾಶಮ್ಮಾಯಿಯ ಗಂಡ ತೀರಿಹೋದ ವರ್ಷ ನೆನಪಾಗುತ್ತದೆ. ಎದುರು ಮನೆ, ನಾಲ್ಕು ಸಣ್ಣ ಮಕ್ಕಳು. ನೀವು ನನ್ನ ಅತ್ತೆಯ ಕೈಯಿಂದ ಒಂದು ಬುಟ್ಟಿ ಜೋಳ ಕಳಿಸಿದ್ದಿರಿ. ಆಕೆ ಬುಟ್ಟಿಯನ್ನು ಹಾಗೇ ತಂದು ನಮ್ಮ ಹೊಸ್ತಿಲ ಮೇಲೆ ಇಟ್ಟು, ತನ್ನ ರಟ್ಟೆ ಇನ್ನೂ ಬಿದ್ದಿಲ್ಲ ಅಂತ ಹೇಳಿಹೋದಳು. ಅದೇ ವರ್ಷ ಉಸುಕು ಹಂಚುವಾಗ ಕಡೆಯ ಪಟ್ಟಿ ಆಕೆಗೆ ಅಂದಿರಿ. ಮರುವರ್ಷವೂ ಆಕೆಗೇ. ಮೂರನೇ ವರ್ಷ ಮತ್ತೆ ಅದೇ ಹೆಸರು ಹೇಳಿದಾಗ ಆಕೆ ಮೊಣಕಾಲು ನೀರಿನಲ್ಲಿ ನಿಂತು ಕೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ: “ಗಂಡ ಸತ್ತಾಕಿ ಅಂತ ನನ್ನ ಬಾಲಕ್ಕ ಕಟ್ಟಿದ್ಯಾ, ಮಲ್ಲಣ್ಣ? ಗಂಡ ಇದ್ದಾಕಿಗಿ ಒಂದು, ಇಲ್ಲದಾಕಿಗಿ ಒಂದು ಅಂತ ಹೊಳ್ಯಾಗ ಬ್ಯಾರೆ ಬ್ಯಾರೆ ನೀರು ಹರೀತಾವೇನು?” ನೀವು ತಲೆ ತಗ್ಗಿಸಿ ಗೂಟ ಬಡಿಯುತ್ತಿದ್ದಿರಿ. ಆವತ್ತಿನಿಂದ ಆಕೆ ನಮ್ಮ ಮನೆಯ ನೀರು ಮುಟ್ಟಲಿಲ್ಲ. ಐದು ಹೆಜ್ಜೆಯ ಓಣಿ, ಎದುರುಬದುರು ಬಾಗಿಲು, ಆದರೂ ಮುಟ್ಟಲಿಲ್ಲ. ನೀವು ತೀರಿಕೊಂಡಾಗ ಇಡೀ ಊರು ಬಂತು. ಆಕೆ ತನ್ನ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇದ್ದಳು. ಅದನ್ನು ನೋಡಿ ನಾನು ಅತ್ತಿದ್ದು ನಿಮಗೆ ಗೊತ್ತಿರಲಿಕ್ಕಿಲ್ಲ.

ಹೋದ ಬೇಸಿಗೆಯಲ್ಲಿ ಆಳಂದದ ಕಡೆಯ ಓವರ್ಸಿಯರ್ ಸಾಹೇಬರೊಬ್ಬರು ಫಟಫಟಿ ಮೇಲೆ ನಮ್ಮ ಊರಿಗೆ ಬಂದರು. ಜೇವರ್ಗಿ ದಾಟಿ ಇಜೇರಿಯ ಕಡೆ ಹೋಗುವಾಗ ಕಾಲುವೆಯವರ ಕ್ಯಾಂಪು ಇದೆಯಂತೆ, ಅಲ್ಲಿ ಖಾಲಿ ಬಿದ್ದ ಸಿಮೆಂಟಿನ ಗೋದಾಮಿನಲ್ಲಿ ಹೊಳೆ ಮತ್ತು ಕಾಲುವೆಯ ಹಳೆಯ ಸಾಮಾನುಗಳ ಮ್ಯೂಜಿಯಂ ಮಾಡಿದ್ದಾರಂತೆ. ಬ್ಯಾರೇಜಿನ ನೀರು ನಿಂತು ನಮ್ಮ ಉಸುಕಿನ ಪಟ್ಟಿಗಳೆಲ್ಲ ಮುಳುಗಿ ಎಷ್ಟೋ ವರ್ಷವಾಯಿತು, ಇನ್ನು ಯಾರಿಗೆ ಬೇಕು ಅಂತ ಊರವರು ಒಬ್ಬರು ಹರಗೋಲು ಕೊಟ್ಟರು, ಒಬ್ಬರು ಸೊಂಟಕ್ಕೆ ಕಟ್ಟಿ ಈಜುವ ಒಣ ಸೋರೆಬುರುಡೆ ಕೊಟ್ಟರು. ನಾನು ಪಡಸಾಲೆಯ ಗೂಟದಿಂದ ನಿಮ್ಮ ಹಗ್ಗ ಇಳಿಸಿದೆ. ಅತ್ತೆಗೆ ಮನಸ್ಸಿರಲಿಲ್ಲ. ಎಮ್ಮೆ ಕಟ್ಟಲು ಒಂದು ದಿನ ಕೇಳಿದ್ದಕ್ಕೆ ತನ್ನ ಮೇಲೆ ಹರಿಹಾಯ್ದ ಮನುಷ್ಯ, ಅವನ ಹಗ್ಗವನ್ನು ಸರಕಾರಕ್ಕೆ ಕೊಡುತ್ತೀಯಾ ಅಂತ ಎರಡು ದಿನ ಗೊಣಗಿದರು. ಆದರೂ ಕೊಟ್ಟೆ. ನಿಮ್ಮ ಹೆಸರು ಒಂದು ಕಡೆ ಬರೆದಿರಲಿ ಅನ್ನುವ ಆಸೆ ನನಗೆ.

ಈಗ ಕೇಳಿ, ಮೊನ್ನೆ ಭಾನುವಾರ ಅದನ್ನು ನೋಡಲು ಹೋಗಿದ್ದೆವು. ಊರಿನ ಹನ್ನೆರಡು ಮಂದಿ, ನಿಮ್ಮ ಮಗ, ನಾನು. ಟೆಂಪೋ ಕಾಶಮ್ಮಾಯಿಯ ಮಗನದು, ಹಾಗಾಗಿ ಆಕೆಯೂ ಮುಂದಿನ ಸೀಟಿನಲ್ಲಿ ಏರಿ ಕೂತಿದ್ದಳು. ನನ್ನ ಕಡೆ ಬೆನ್ನು. ಕರಜಗಿಯಲ್ಲಿ ಚಹಾ, ಅಫಜಲಪುರದಲ್ಲಿ ಮಿರ್ಚಿ ಭಜಿ. ಜೇವರ್ಗಿಯ ಹತ್ತಿರ ಸೇತುವೆ ಬಂದಾಗ ಆಕೆ ಟೆಂಪೋ ನಿಲ್ಲಿಸಿದಳು. ಇಳಿದು, ಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿ ನೋಡಿ, ಇದು ನಮ್ಮ ನೀರೇ, ಮೊನ್ನೆ ನಮ್ಮೂರಿನಿಂದ ಹೊರಟದ್ದು ಇಲ್ಲಿ ತನಕ ಬಂದಿದೆ ಅಂದಳು. ಎಲ್ಲರೂ ಇಳಿದು ನೀರಿನ ಗುರುತು ಹಿಡಿಯತೊಡಗಿದರು. ಎಷ್ಟು ನಕ್ಕೆವು ಅಂದರೆ ಹಿಂದಿನ ಬಸ್ಸಿನವನು ಹಾರ್ನು ಹೊಡೆದೂ ಹೊಡೆದೂ ಸುಸ್ತಾದ.

ಗೋದಾಮಿನ ಒಳಗೆ ಕಾಲಿಟ್ಟಾಗ ನೀವು ಇರಬೇಕಿತ್ತು ಅನ್ನಿಸಿತು. ನೆಲದ ಮೇಲೆ ಸಿಮೆಂಟಿನಲ್ಲಿ ಮಾಡಿದ ಹೊಳೆ, ಅದರಿಂದ ಒಡೆದು ಹೋಗುವ ಕಾಲುವೆಗಳು, ಎಲ್ಲಕ್ಕೂ ನೀಲಿ ಬಣ್ಣ. ಒಂದು ಗುಂಡಿ ಒತ್ತಿದರೆ ಊರೂರಿನಲ್ಲಿ ಸಣ್ಣ ದೀಪ ಹತ್ತುತ್ತದೆ. ನಿಮ್ಮ ಮಗ ಆ ಗುಂಡಿ ಬಿಡಲೇ ಇಲ್ಲ, ಮಣ್ಣೂರಿನ ದೀಪವನ್ನು ಇಪ್ಪತ್ತು ಸಲ ಹತ್ತಿಸಿ ಆರಿಸಿದರು. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಕಾಲುವೆ ತೋಡುವಾಗ ಕಲ್ಲು ಹೊತ್ತವರ ಫೋಟೋ, ಮಹಾಪೂರ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಅಂತ ಗೆರೆ ಕೊರೆದ ಕಲ್ಲು. ಕಾಶಮ್ಮಾಯಿ ಹರಗೋಲಿನ ಒಳಗೆ ಹತ್ತಿ ಕೂತು, ಇಷ್ಟು ದೂರ ಬಂದಿದ್ದೇನೆ, ಯಾರಾದರೂ ಹುಟ್ಟು ಹಾಕಿ ಅಂತ ಹಟ ಹಿಡಿದಳು. ಇಳಿಸಲು ಇಬ್ಬರು ಬೇಕಾದರು.

ನಿಮ್ಮ ಹಗ್ಗ ಕಡೆಯ ಗೋಡೆಯಲ್ಲಿತ್ತು. ಅದರ ಪಕ್ಕಕ್ಕೆ ಕಾಲುವೆಗೆ ಹೊಲ ಅಳೆಯುವ ಕಬ್ಬಿಣದ ಸರಪಳಿ. ಸಾಹೇಬರು ಸರಪಳಿಯ ಕೊಂಡಿಗಳನ್ನು ಬೆರಳಿನಿಂದ ತೋರಿಸಿ, ಒಂದಕ್ಕೊಂದು ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ ನೋಡಿ ಅಂತ ಹೆಮ್ಮೆಯಿಂದ ಹೇಳಿದರು. ನಿಮ್ಮ ಹಗ್ಗದ ಕೆಳಗೆ ಅಂಟಿಸಿದ ಹೆಸರಿನ ಚೀಟಿ ಮಾತ್ರ ಖಾಲಿ. ನಾನು ಬರಲಿ, ಕೇಳಿ ಬರೆಯೋಣ ಅಂತ ಬಿಟ್ಟಿದ್ದರಂತೆ. ಉಸುಕು ಹೇಗೆ ಹಂಚುತ್ತಿದ್ದೆವು ಅಂತ ನಾನು ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಗಂಟಿನಿಂದ ಗಂಟಿಗೆ ಎಷ್ಟು ಉದ್ದ ಅನ್ನುವುದನ್ನೂ ಚೀಟಿಯಲ್ಲಿ ಬರೆಯುತ್ತೇನೆ ಅಂತ, ಹಗ್ಗ ಇಳಿಸಿ ಹೊರಗಿನ ವರಾಂಡದಲ್ಲಿ ಉದ್ದಕ್ಕೆ ಹಾಸಿ ಟೇಪು ಹಿಡಿದರು. ಕಾಲುವೆಯವರಿಗೆ ಎದುರಿಗೆ ಏನು ಕಂಡರೂ ಅಳೆಯುವ ಚಟ.

ನಡುವಿನ ಮೂರು ಅಂತರ ಮೂವತ್ತು ಮೂವತ್ತು ಅಡಿ ಬಂತು. ಕಡೆಯದು ಮೂವತ್ತಮೂರು. ಸಾಹೇಬರು ಟೇಪು ಸುತ್ತಿ ಮತ್ತೆ ಬಿಚ್ಚಿ ಅಳೆದರು, ಮತ್ತೆ ಮೂವತ್ತಮೂರು. ಆ ಕಡೆ ಹೋಗಿ ಮೊದಲನೆಯದನ್ನು ಅಳೆದರೆ ಇಪ್ಪತ್ತೇಳೇ. ಹಗ್ಗ ಕುಗ್ಗಿರಬೇಕು ಅಂತ ನಿಮ್ಮ ಮಗ ಮೆಲ್ಲಗೆ ಅಂದರು. ಕುಗ್ಗಿದರೆ ಎಲ್ಲಾ ಕಡೆ ಕುಗ್ಗಬೇಕಲ್ಲ, ಒಂದೇ ಕಡೆ ಯಾಕೆ ಅಂದರು ಸಾಹೇಬರು. ಹನ್ನೆರಡು ಮಂದಿಯೂ ಬಂದು ಸುತ್ತ ನಿಂತರು. ಇಷ್ಟು ವರ್ಷ ಐದು ಮನೆಯವರು ಕಣ್ಣು ಮುಚ್ಚಿ ನಂಬಿದ ಹಗ್ಗ. ಅದರಲ್ಲಿ ಮೋಸ ಇದೆ ಅಂತ ನಾನೇ ತಂದು ಗೋಡೆಗೆ ಹಾಕಿಸಿದೆನೇ?

ಕಾಶಮ್ಮಾಯಿ ಮುಂದೆ ಬಂದಳು. ಇಷ್ಟು ವರ್ಷದ ಮೇಲೆ ನಮ್ಮ ಮನೆಯವರ ಮುಖ ನೋಡಿ ಆಡಿದ ಮೊದಲ ಮಾತು ಏನು ಗೊತ್ತೇ? “ನೋಡ್ರಿ. ನಾ ಆವತ್ತೇ ಅಂದಿದ್ದಿಲ್ಲೇನು? ಮನಸಿನ್ಯಾಗಿನ ಸೊಟ್ಟ ಹಗ್ಗದಾಗ ಬಂದದ.” ನಿಮ್ಮ ಮಗ ನೆಲ ನೋಡುತ್ತಿದ್ದರು, ಥೇಟು ನಿಮ್ಮ ಹಾಗೆ. ಸಾಹೇಬರು ಪಾಪ, ಬೇಕಿದ್ದರೆ ಇದನ್ನು ಹರಗೋಲಿನ ಹಗ್ಗ ಅಂತಷ್ಟೇ ಬರೆದುಬಿಡೋಣ ಅಂತ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಒಂದು ಗಳಿಗೆ ನನಗೂ ಹಾಗೇ ಆಗಲಿ ಅನ್ನಿಸಿತು. ಸುಳ್ಳು ಹೇಳಲಾರೆ, ಅನ್ನಿಸಿತು.

ಆಗ ಕಣ್ಣಿಗೆ ಬಿದ್ದದ್ದು ಕೆಂಪು ಚಿಂದಿ. ಬಣ್ಣ ಹೋಗಿ ಕಂದಾಗಿದೆ, ಆದರೂ ಗಂಟಿನೊಳಗೆ ಒಂದು ಎಳೆ ಕೆಂಪು ಉಳಿದಿತ್ತು. ಅದಿದ್ದದ್ದು ಯಾವ ತುದಿಯಲ್ಲಿ? ಇಪ್ಪತ್ತೇಳು ಅಡಿಯ ತುದಿಯಲ್ಲಿ. ನೀವು ಹಿಡಿಯುತ್ತಿದ್ದ ತುದಿ, “ಮೊದಲನೇದು ನಂದು” ಅನ್ನುತ್ತಿದ್ದ ತುದಿ. ನಮ್ಮ ಪಟ್ಟಿಯಲ್ಲಿ ಮಾತ್ರ ಗುಣಿ ಯಾವಾಗಲೂ ಒಂದು ಸಾಲು ಕಡಿಮೆ ಬರುತ್ತದೆ ಅಂತ ಅತ್ತೆ ವರ್ಷಾ ವರ್ಷಾ ಗೊಣಗುತ್ತಿದ್ದರು. ದಂಡೆ ಸೊಟ್ಟಗಿದ್ದರೆ ಹಾಗಾಗುತ್ತದೆ ಅಂತ ನೀವು ಹಾರಿಸಿಬಿಡುತ್ತಿದ್ದಿರಿ. ಇನ್ನು ಕಡೆಯ ಪಟ್ಟಿ ಯಾರು ಯಾರಿಗೆ ಬಂದಿತ್ತು? ಎತ್ತು ಸತ್ತವರಿಗೆ ಒಂದು ವರ್ಷ. ಅವಳಿ ಮಕ್ಕಳು ಹುಟ್ಟಿದ ಮನೆಗೆ ಒಂದು ವರ್ಷ. ಮನೆಯ ಗೋಡೆ ಬಿದ್ದವರಿಗೆ ಒಂದು ವರ್ಷ. ಬುಟ್ಟಿ ಜೋಳ ಹೊಸ್ತಿಲ ಮೇಲೆ ತಂದಿಟ್ಟು ಹೋದವಳಿಗೆ ಮೂರು ವರ್ಷ. ಮಾವನವರೇ, ನನಗೆ ಅಲ್ಲೇ ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು. ಎಂಥ ಕಳ್ಳ ನೀವು.

ನಿಮ್ಮ ಎದುರು ಒಂದು ದಿನ ಬಾಯಿ ಬಿಡದವಳು ಹನ್ನೆರಡು ಮಂದಿಯ ನಡುವೆ ಬಾಯಿ ಬಿಟ್ಟೆ. ಚಿಂದಿ ತೋರಿಸಿದೆ. ಇದು ಯಾರ ಕೈಯಲ್ಲಿ ಇರುತ್ತಿತ್ತು ಅಂತ ಕೇಳಿದೆ. ಮಲ್ಲಣ್ಣನ ಕೈಯಲ್ಲಿ ಅಂತ ನಾಲ್ಕು ಮಂದಿ ಹೇಳಿದರು. ಮೂವತ್ತಮೂರು ಅಡಿಯ ಆ ಇನ್ನೊಂದು ತುದಿಯನ್ನು ಎಳೆದು ಹಿಡಿಯುತ್ತಿದ್ದವರು ಯಾರು ಅಂದೆ. ಕಡೆಯ ಪಟ್ಟಿ ಯಾರದೋ ಅವರೇ ಹಿಡಿಯಬೇಕಲ್ಲ. ಎಲ್ಲರೂ ಕಾಶಮ್ಮಾಯಿಯ ಕಡೆ ನೋಡಿದರು. ಆಕೆ ಬಗ್ಗಿ ಕಡೆಯ ಗಂಟನ್ನು ಕೈಗೆತ್ತಿಕೊಂಡಳು. ಟೇಪಿನ ಮೇಲೆ ಆಕೆಗೆ ನಂಬಿಕೆ ಇಲ್ಲ. ಮೊಣಕೈಯಿಂದ ಬೆರಳಿನ ತುದಿಗೆ ಮೊಳ ಹಾಕುತ್ತ, ವರಾಂಡದ ಉದ್ದಕ್ಕೂ ಕುಕ್ಕರಗಾಲಿನಲ್ಲಿ ಸರಿಯುತ್ತ ಹೋದಳು. ತನ್ನದು ಇಪ್ಪತ್ತೆರಡು ಮೊಳ. ನಡುವಿನದು ಇಪ್ಪತ್ತು. ನಿಮ್ಮದಕ್ಕೆ ಬಂದು ಹದಿನೆಂಟಕ್ಕೆ ಗಂಟು ಸಿಕ್ಕಾಗ ಅಲ್ಲೇ ಕೂತುಬಿಟ್ಟಳು.

ಆಮೇಲೆ ತಲೆ ಎತ್ತಿ ನನ್ನನ್ನೇ ಕೇಳಿದಳು: “ಹೊಳ್ಯಾಗ ನಿಂತು ಅಷ್ಟು ಬೈದೆ. ಒಂದ ಮಾತು ಹೇಳಬಾರದಾಗಿತ್ತೇನು ನಿಮ್ಮ ಮಾವ?”

“ಹೇಳಿದ್ರ ನೀ ತಗೋತಿದ್ದೇನು, ಆಯಿ?” ಅಂದೆ.

ಆಕೆ ಯೋಚನೆ ಮಾಡಿದಳು. ನಿಜವಾಗಿ ಯೋಚನೆ ಮಾಡಿದಳು, ಸುಳ್ಳು ಹೇಳುವ ಜಾತಿಯವಳಲ್ಲ. “ಇಲ್ಲ,” ಅಂದಳು. “ಮತ್ತೊಂದು ನಾಕ ಮಾತು ಬೈದು ಹಗ್ಗ ಕತ್ತರಿಸಿ ಹಾಕ್ತಿದ್ದೆ.” ಹಾಗಂದವಳಿಗೆ ನಗು ಬಂತು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಕೆಯ ಮಗ ಟೆಂಪೋ ಬಿಟ್ಟು ಓಡಿ ಬಂದು ಏನಾಯಿತು ಅಂತ ಕೇಳಿದರೆ, ನಿನ್ನ ಹೊಟ್ಟೆಗೆ ಬಿದ್ದ ಕಲ್ಲಂಗಡಿ ಯಾರದು ಅಂತ ಇವತ್ತು ಗೊತ್ತಾಯಿತು ಅಂದಳು. ನಮ್ಮ ಊರವರು ಒಬ್ಬೊಬ್ಬರೇ ತಮ್ಮ ಮನೆಗೆ ಕಡೆಯ ಪಟ್ಟಿ ಬಂದ ವರ್ಷ ಯಾವುದು, ಆ ವರ್ಷ ಮನೆಯಲ್ಲಿ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳತೊಡಗಿದರು. ಆ ವರಾಂಡದಲ್ಲಿ ಆಗ ನಡೆದ ಗದ್ದಲ ನೀವು ಕೇಳಬೇಕಿತ್ತು. ನನ್ನ ಜನ್ಮದಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದು ನೆನಪಿಲ್ಲ.

ಆಮೇಲೆ ಚೀಟಿಯ ಜಗಳ. ಸಾಹೇಬರು ಪೆನ್ನು ತೆಗೆದು, ಭೀಮಾ ಹೊಳೆಯ ಉಸುಕು ಹಂಚುವ ಹಗ್ಗ, ಮಣ್ಣೂರು, ಅಂತ ಬರೆದು ನಿಮ್ಮ ಹೆಸರನ್ನೂ ಬರೆದರು. ಕೆಳಗೆ, ಅಳತೆ ಸರಿ ಇಲ್ಲ ಅಂತ ಬರೆಯಲು ಹೊರಟದ್ದನ್ನು ಓದಿ ಹೇಳಿದರು. ಕಾಶಮ್ಮಾಯಿ ಅವರ ಕೈ ಹಿಡಿದಳು. ಸಾಹೇಬರು ತಿಳಿಸಿ ಹೇಳಿದರು, ಮೂರು ನಮೂನೆಯ ಅಂತರ ಇದೆ, ನಾಳೆ ನೋಡಲು ಬಂದ ಎಂಜಿನಿಯರ್ ಟೇಪು ಹಿಡಿದರೆ ನನ್ನನ್ನು ಏನನ್ನುತ್ತಾನೆ ಅಂತ. ಆಕೆ ಕೈ ಬಿಡಲಿಲ್ಲ. “ಅಳತಿ ಸರಿ ಅದ ಅಂತ ಬರೀರಿ ಸಾಹೇಬ್ರ. ಕೇಳಿದವರ್ನ ಮಣ್ಣೂರಿಗಿ ಕಳಸ್ರಿ. ನಾ ಹೇಳ್ತೇನಿ,” ಅಂದಳು. ಅವರು ಸರಪಳಿ ನೋಡಿದರು, ಹಗ್ಗ ನೋಡಿದರು, ಹಣೆ ಒರೆಸಿಕೊಂಡು ಆಕೆ ಹೇಳಿದ ಹಾಗೇ ಬರೆದರು. ನಾನು ಎರಡು ಸಲ ಓದಿದೆ, ಅಕ್ಷರ ತಪ್ಪಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದಾಗ ಏನಾಯಿತು ಅಂತ ಕೇಳುವಿರಾ? ಮೊದಲು ಸಿಟ್ಟು ಬಂತು. ಅಷ್ಟು ವರ್ಷ ತನ್ನ ಒಂದು ಸಾಲು ಕಲ್ಲಂಗಡಿ ದಾನ ಮಾಡಿ, ದಂಡೆ ಸೊಟ್ಟ ಅಂತ ತನಗೇ ಹೇಳಿದ್ದನಲ್ಲ ಅಂತ ನಿಮ್ಮ ಫೋಟೋದ ಮುಂದೆ ಕೂತು ಬೈದರು. ಚೆನ್ನಾಗಿಯೇ ಬೈದರು, ನಾನು ಇಲ್ಲಿ ಬರೆಯಲಾರೆ. ಬೈದು ಮುಗಿದ ಮೇಲೆ ಎದ್ದು ಫೋಟೋದ ಗಾಜು ಒರೆಸಿ, ಹಣೆಗೆ ವಿಭೂತಿ ಹಚ್ಚಿ, ರಾತ್ರಿಗೆ ಹೋಳಿಗೆ ಮಾಡು ಅಂತ ನನಗೆ ಹೇಳಿದರು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮಾಡಿದೆ. ನಿಮ್ಮ ಮಗ ಐದು ತಿಂದರು.

ಒಂದು ಕೊರಗು ಮಾತ್ರ ಇದೆ, ಅದನ್ನೂ ಹೇಳಿಬಿಡುತ್ತೇನೆ. ನೀವಿದ್ದಾಗಲೇ ನಾನು ಒಂದು ಸಲ ಆ ಹಗ್ಗಕ್ಕೆ ಮೊಳ ಹಾಕಿ ನೋಡಿದ್ದರೆ… ಆದರೆ ಹಾಕಿದ್ದರೆ ನನ್ನ ಬಾಯಿ ಸುಮ್ಮನಿರುತ್ತಿತ್ತೇ? ಓಣಿಗೆಲ್ಲ ಗೊತ್ತಾಗಿ ಮರುವರ್ಷದಿಂದ ಕಡೆಯ ಪಟ್ಟಿ ನಮಗೇ ಬೇಕು ಅಂತ ನಾಲ್ಕು ಮನೆಯವರು ಬಡಿದಾಡುತ್ತಿದ್ದರು. ನಿಮಗೆ ನಮ್ಮೆಲ್ಲರ ಬುದ್ಧಿ ಸರಿಯಾಗಿ ಗೊತ್ತಿತ್ತು.

ನಾಳೆ ಎಳ್ಳಮಾಸಿ. ಭಜ್ಜಿ ಪಲ್ಯಕ್ಕೆ ಕಾಳು ನೆನೆಹಾಕಿದ್ದೇನೆ, ಸಜ್ಜೆ ರೊಟ್ಟಿ ಬಡಿದಿಟ್ಟಿದ್ದೇನೆ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುವುದು. ಈ ಸಂಜೆ ಕಾಶಮ್ಮಾಯಿ ಓಣಿ ದಾಟಿ ನಮ್ಮ ಬಾಗಿಲಿಗೆ ಬಂದಳು. ತಂಬಿಗೆ ನೀರು ಕೊಟ್ಟೆ, ನಿಂತಲ್ಲೇ ಗಟಗಟ ಕುಡಿದಳು. ಕರೆಯುವ ಮೊದಲೇ, ನಾಳೆ ನಾನೂ ನಿಮ್ಮ ಹೊಲಕ್ಕೆ ಊಟಕ್ಕೆ ಬರುತ್ತೇನೆ ಅಂದಳು. ಹಿರಿಯಳು, ಸಾಲಿನಲ್ಲಿ ನಿನ್ನ ತಾಟು ಎಲ್ಲಕ್ಕಿಂತ ಮೊದಲು ಹಾಕುತ್ತೇನೆ ಆಯಿ, ಅಂತ ನಾನು ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

“ಮೊದಲನೇದು ನಿಮ್ಮ ಮಾವಂದು. ಅದನ್ನ ಹಾಂಗೇ ಬಿಡು,” ಅಂದಳು. “ಕಡೀದು ನಂದು.”